ಬದುವಿನಲ್ಲಿ ಓಡಾಡುವ ಬಿಳಿ ಚುಕ್ಕೆಯ ಕರಿ ದುಂಬಿ ತೊಗರಿಗೆ ತೊಂದರೆ ಮಾಡುತ್ತದಾ?

ಎರೆಹೊಲ_ಆಳಂದ:

ಎಲ್ಲರಿಗೂ ನಮಸ್ಕಾರ. ಆಳಂದ ತಾಲೂಕಿನಲ್ಲಿ ನಮ್ಮದು ಎರೆ ಹೊಲ, ಅಂದರೆ ಕಪ್ಪು ಮಣ್ಣು. ತೊಗರಿಯೇ ಮುಖ್ಯ, ಸಾಲಿನ ನಡುವೆ ಹೆಸರು ಇಲ್ಲವೇ ಉದ್ದು ಹಾಕುತ್ತೇವೆ. ಮಿರಗ ಮಳೆ ಬಿದ್ದ ಮೇಲೆ ಬದುವಿನ ಹುಲ್ಲಲ್ಲಿ ಒಂದು ದೊಡ್ಡ ಕರಿ ದುಂಬಿ ಕಾಣಿಸುತ್ತದೆ. ಮೈಮೇಲೆ ಬಿಳಿ ಚುಕ್ಕೆ, ಉದ್ದ ಕಾಲು, ಬಾಯಲ್ಲಿ ಇಕ್ಕಳದಂಥ ಹಲ್ಲು. ಓಡುವುದು ಬಲು ಜೋರು, ಆದರೆ ಹಾರಿದ್ದನ್ನು ನಾನಂತೂ ನೋಡಿಲ್ಲ. ಕೆಲಸಕ್ಕೆ ಬರುವವರು ಕಂಡ ಕೂಡಲೇ ತುಳಿದು ಹಾಕುತ್ತಾರೆ, ವಿಷ ಉಗುಳುತ್ತದೆ ಅಂತ ಅವರ ಹೆದರಿಕೆ. ನಮ್ಮ ಕಾಕಾ ಬದುವಿಗೂ ಒಂದು ಕೈ ಎಣ್ಣೆ (ಕೀಟನಾಶಕ) ಹೊಡೆದುಬಿಡು ಎನ್ನುತ್ತಾರೆ. ನನಗೆ ಮನಸ್ಸಾಗುತ್ತಿಲ್ಲ, ಯಾಕೆಂದರೆ ಅದು ಗಿಡ ತಿನ್ನುವುದನ್ನು ನಾನು ಕಂಡಿಲ್ಲ.

ಇನ್ನೂ ಕೆಲವು ಇವೆ. ಕಲ್ಲು ಎತ್ತಿದರೆ ಚಿಕ್ಕ ಕರಿ ದುಂಬಿಗಳು ಚೆಲ್ಲಾಪಿಲ್ಲಿ ಓಡುತ್ತವೆ. ಹಳದಿ ಕಪ್ಪು ಬಣ್ಣದ ಒಂದು ಹುಳ ಇದೆ, ಮುಟ್ಟಿದರೆ ಟಪ್ ಅಂತ ಸದ್ದು ಮಾಡಿ ಬೆರಳು ಸುಡುತ್ತದೆ. ಹುಮನಾಬಾದ್ ಕಡೆ ನಮ್ಮ ಅಕ್ಕನ ಹೊಲ ಕೆಂಪು ನೆಲ, ಅಲ್ಲಿ ಚುಕ್ಕೆ ದುಂಬಿ ನಮಗಿಂತ ಜಾಸ್ತಿ. ಶಹಾಪುರದ ಭತ್ತದ ಗದ್ದೆಯಲ್ಲಿ ಅದು ಇಲ್ಲವೇ ಇಲ್ಲ, ಅಲ್ಲಿ ಇರುವೆಯಂಥ ಸಣ್ಣ ಕೆಂಪು ದುಂಬಿ ಇದೆ ಅಂತ ಗೆಳೆಯ ಹೇಳುತ್ತಾನೆ. ಇಷ್ಟೇ ದೂರದಲ್ಲಿ ಯಾಕೆ ಇಷ್ಟು ಬದಲು? ಇವು ಬೆಳೆಗೆ ಕೆಟ್ಟವಾ, ಒಳ್ಳೆಯವಾ? ಮಾರ್ಚ್‌ನಲ್ಲಿ ಬದು ಸುಡುವುದು ನಮ್ಮೂರಿನ ಪದ್ಧತಿ, ಅದನ್ನು ಮಾಡಬೇಕಾ ಬಿಡಬೇಕಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಕೀಟದ_ಬೆನ್ನುಹತ್ತಿ:

ಅಣ್ಣಾ, ದಯವಿಟ್ಟು ಬದುವಿಗೆ ಎಣ್ಣೆ ಹೊಡೆಯಬೇಡಿ. ಅದನ್ನು ಮೊದಲು ಹೇಳಿ ಮುಂದೆ ಹೋಗುತ್ತೇನೆ.

ಚುಕ್ಕೆ ಎಣಿಸಿ ನೋಡಿ. ಕುತ್ತಿಗೆಯ ಭಾಗದಲ್ಲಿ ಎರಡು, ಬೆನ್ನಿನ ಚಿಪ್ಪಿನ ಮೇಲೆ ನಾಲ್ಕು, ಒಟ್ಟು ಆರು ಇದ್ದರೆ ಅದು ಆಂಥಿಯಾ ಸೆಕ್ಸ್‌ಗಟ್ಟೇಟಾ, ಆರು ಚುಕ್ಕೆಯ ನೆಲದುಂಬಿ. ಸುಮಾರು 4 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಭಾರತದ ಒಣ ನಾಡಿನ ಹುಳ ಇದು. ಆಂಥಿಯಾ ಗುಂಪಿನ ಉಳಿದ ಬಳಗ ಹೆಚ್ಚಾಗಿ ಇರುವುದು ಆಫ್ರಿಕಾದ ಮರಳುಗಾಡು, ಕುರುಚಲು ಕಾಡುಗಳಲ್ಲಿ. ಹಾಗಾಗಿ ನಮ್ಮ ಬಿಸಿಲು ಅದಕ್ಕೆ ಹೊಸದಲ್ಲ. ಏಳು ಚುಕ್ಕೆ ಇದ್ದು ಮೈ ದುಂಡಗೆ ಇದ್ದರೆ ಅದು ದುಂಬಿಯೇ ಅಲ್ಲ, ಥೀರಿಯಾ ಎನ್ನುವ ಕಾಡು ಜಿರಲೆ. ದಕ್ಷಿಣ ಭಾರತದ ಕುರುಚಲು ಕಾಡಿನ ತರಗೆಲೆಯಲ್ಲಿ ಇರುತ್ತದೆ, ಯಾರಿಗೂ ಏನೂ ಮಾಡದ ಪಾಪದ ಪ್ರಾಣಿ. ಆಂಥಿಯಾದ ವೇಷ ಹಾಕಿಕೊಂಡು ಹಕ್ಕಿ ಹಲ್ಲಿಗಳಿಂದ ಪಾರಾಗುತ್ತದೆ ಎಂದು ಕೀಟ ತಿಳಿದವರು ಹೇಳುತ್ತಾರೆ. ಕಾಲಹಾರಿ ಮರಳುಗಾಡಿನಲ್ಲಿ ಒಂದು ಹಲ್ಲಿಯ ಮರಿ ಕೂಡ ಅಲ್ಲಿನ ಆಂಥಿಯಾದ ಹಾಗೆ ಕಾಣುತ್ತದೆ, ಬೆನ್ನು ಬಿಲ್ಲಿನಂತೆ ಮಾಡಿಕೊಂಡು ಅದರ ಹಾಗೇ ನಡೆಯುತ್ತದೆ. ಇದನ್ನು 1977ರಲ್ಲೇ ಬರೆದಿದ್ದಾರೆ. ಅಂದರೆ ಬೇರೆ ಪ್ರಾಣಿಗಳು ಈ ದುಂಬಿಗೆ ಎಷ್ಟು ಹೆದರುತ್ತವೆ ನೋಡಿ. ಕಾರಣ, ಅದು ಹಿಂಬದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಚೆನ್ನಾಗಿಯೇ ಉರಿಯುತ್ತದೆ, ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಬೇಕು, ಉರಿ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಬೇಕು. ನಿಮ್ಮ ಕೆಲಸದವರ ಹೆದರಿಕೆಯಲ್ಲಿ ಸತ್ಯ ಇದೆ. ಆದರೆ ತುಳಿಯಲು ಹೋದಾಗ, ಹಿಡಿಯಲು ಹೋದಾಗ ಮಾತ್ರ ಅದು ಚಿಮ್ಮಿಸುವುದು. ಸುಮ್ನೆ ಬಿಟ್ಟರೆ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ.

ತೊಗರಿಗೆ ಅದು ಏನೂ ಮಾಡುವುದಿಲ್ಲ. ನೆಲದುಂಬಿಗಳು ಕ್ಯಾರಬಿಡೆ ಕುಟುಂಬಕ್ಕೆ ಸೇರಿದವು. ಜಗತ್ತಿನಲ್ಲಿ ಸುಮಾರು 40,000 ಜಾತಿ ಇವೆ, ಹೆಚ್ಚಿನವು ಬೇಟೆಗಾರರು. ಕೀಡೆ, ಕೋಶ (ಕೀಡೆ ದೊಡ್ಡ ಹುಳವಾಗುವ ಮೊದಲಿನ ಗೂಡಿನ ಹಂತ), ಗೆದ್ದಲು, ಇರುವೆ, ಬೇರೆ ಹುಳಗಳ ಮೊಟ್ಟೆ, ಶಂಬೂಕ, ಎರೆಹುಳ, ಸಿಕ್ಕಿದ್ದನ್ನು ತಿನ್ನುತ್ತವೆ. ಕೆಲವು ಜಾತಿಗಳು ನೆಲಕ್ಕೆ ಬಿದ್ದ ಕಳೆ ಬೀಜವನ್ನೂ ತಿನ್ನುತ್ತವೆ. ಬಹಳಷ್ಟು ರಾತ್ರಿ ಓಡಾಡುವವು, ಅದಕ್ಕೇ ಹಗಲಲ್ಲಿ ಕಲ್ಲಿನಡಿ ಸಿಗುತ್ತವೆ.

ನಮ್ಮ ತೊಗರಿಗೆ ಇವುಗಳ ಲಾಭ ಎಲ್ಲಿದೆ ಅಂದರೆ, ಕಾಯಿಕೊರಕ ಕೀಡೆ ಬೆಳೆದು ದೊಡ್ಡದಾದ ಮೇಲೆ ಗಿಡದಲ್ಲಿ ಉಳಿಯುವುದಿಲ್ಲ, ಕೆಳಗಿಳಿದು ಮಣ್ಣಿನಲ್ಲಿ ಕೆಲವು ಇಂಚು ಒಳಗೆ ಹೋಗಿ ಕೋಶ ಕಟ್ಟುತ್ತದೆ. ಆ ಇಳಿಯುವ ಹೊತ್ತು, ಮಣ್ಣು ಸೇರುವ ಹೊತ್ತು ಇವುಗಳ ಕೈಗೆ ಸಿಗುತ್ತದೆ. ಗಿಡ ಅಲುಗಿಸಿ ಕೀಡೆ ಉದುರಿಸುವ ರೂಢಿ ನಮ್ಮ ಭಾಗದಲ್ಲಿ ಇದೆಯಲ್ಲ, ಆಗ ತಾಡಪತ್ರಿಗೆ ಬೀಳದೆ ಪಕ್ಕಕ್ಕೆ ಬಿದ್ದ ಕೀಡೆಗೂ ಇದೇ ಗತಿ. ಗಿಡದ ಮೇಲಿನ ಕೀಡೆಯನ್ನು ದೊಡ್ಡ ನೆಲದುಂಬಿಗಳು ಹತ್ತಿ ಹಿಡಿಯುವುದು ಕಡಿಮೆ. ಕ್ಯಾಲೊಸೋಮಾ ಎನ್ನುವ ಗುಂಪು ಮಾತ್ರ ಗಿಡ ಮರ ಹತ್ತಿಯೂ ಕೀಡೆ ತಿನ್ನುತ್ತದೆ. ಅದರ ಒಂದು ಜಾತಿಯನ್ನು ಅಮೆರಿಕದವರು ಕಾಡಿನ ಎಲೆ ತಿನ್ನುವ ಪತಂಗಕ್ಕೆ ಮದ್ದಾಗಿ 1905ರ ಸುಮಾರಿಗೆ ಯುರೋಪಿನಿಂದ ತರಿಸಿಕೊಂಡು ಬಿಟ್ಟಿದ್ದರು.

ಆ ಹಳದಿ ಕಪ್ಪು ಹುಳದ ವಿಷಯದಲ್ಲಿ ಜಾಗ್ರತೆ, ಅಲ್ಲಿ ಎರಡು ಬೇರೆ ಬೇರೆ ಹುಳ ಇವೆ. ನೆಲದಲ್ಲಿ, ಕಲ್ಲಿನಡಿ, ರಾತ್ರಿ ಓಡಾಡುವುದು, ಟಪ್ ಅಂತ ಸಿಡಿಸುವುದು ಫೆರೋಪ್ಸೋಫಸ್, ಬಾಂಬರ್ ದುಂಬಿ. ಹೊಟ್ಟೆಯೊಳಗೆ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಒಂದು ಚೀಲದಲ್ಲಿ ಇಟ್ಟುಕೊಂಡಿರುತ್ತದೆ. ಬೇಕಾದಾಗ ಪಕ್ಕದ ಗಟ್ಟಿ ಕೋಣೆಗೆ ಬಿಟ್ಟು ಕಿಣ್ವ ಸೇರಿಸಿದರೆ ಸುಮಾರು 100 ಡಿಗ್ರಿ ಬಿಸಿಯಲ್ಲಿ ಸಿಡಿಯುತ್ತದೆ. ಬೆರಳಿಗೆ ಕಂದು ಕಲೆ ಬಿದ್ದು ಕೆಲವು ದಿನ ಉಳಿಯುತ್ತದೆ. ಇದು ನಮ್ಮ ಪರವೇ. ಇನ್ನೊಂದು, ಹಗಲು ಹೊತ್ತಿನಲ್ಲೇ ತೊಗರಿ ಹೂವಿನ ಮೇಲೆ ಕೂತು ಹೂ ತಿನ್ನುವ ಕಪ್ಪು ಕಿತ್ತಳೆ ಪಟ್ಟೆಯ ಮೈಲಾಬ್ರಿಸ್, ಬೊಬ್ಬೆ ಏಳಿಸುವ ದುಂಬಿ. ಅದು ನೆಲದುಂಬಿಯ ಬಳಗವೇ ಅಲ್ಲ, ಹೂವಿಗೆ ನಿಜವಾದ ಹಾನಿ ಮಾಡುತ್ತದೆ. ಅದರ ಮರಿ ಮಾತ್ರ ಮಣ್ಣಿನಲ್ಲಿ ಮಿಡತೆ ಮೊಟ್ಟೆ ತಿಂದು ಬೆಳೆಯುತ್ತದೆ. ಹೂವಿನ ಮೇಲಿನದಕ್ಕೆ ಸಿಟ್ಟು ಮಾಡಿಕೊಂಡು ನೆಲದ ಮೇಲಿನದನ್ನು ಕೊಲ್ಲುವುದು ನಮ್ಮ ಕಡೆ ಬಹಳ ನಡೆಯುತ್ತದೆ.

ಬದುವೇ ಯಾಕೆ ಅಂದರೆ, ಹೊಲದ ಮಣ್ಣನ್ನು ನಾವು ವರ್ಷಕ್ಕೆ ಎಷ್ಟು ಸಲ ತಿರುವಿ ಹಾಕುತ್ತೇವೆ ನೋಡಿ. ನೇಗಿಲು ಹೊಡೆದು, ಹರಗಿ, ಬಿತ್ತಿ, ಎಡೆ ಹೊಡೆದು. ನೆಲದುಂಬಿಯ ಮೊಟ್ಟೆ, ಮರಿ, ಕೋಶ ಮೂರೂ ಮಣ್ಣಿನಲ್ಲೇ ಇರುವುದು. ಪ್ರತಿ ಸಲವೂ ಒಂದಷ್ಟು ಹೋಗುತ್ತವೆ. ಬದು ಒಂದೇ ಕದಲದ ಜಾಗ. ಅದರಲ್ಲೂ ಆಂಥಿಯಾ ಹಾರಲಾರದು. ಒಂದು ಕಡೆ ಅಳಿದುಹೋದರೆ ಪಕ್ಕದ ಊರಿನಿಂದ ನಡೆದೇ ಬರಬೇಕು.

ಮಾಂಜ್ರಾ_ದಂಡೆ:

ನಾನು ಬೀದರ್‌ನವಳು, ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹುಮನಾಬಾದ್‌ನ ಕೆಂಪು ನೆಲದ ಪ್ರಶ್ನೆಗೆ ನಾನು ಉತ್ತರ ಕೊಡಬಹುದು ಅನಿಸಿತು.

ಬೀದರ್ ನಿಂತಿರುವುದೇ ಕೆಂಪು ಕಲ್ಲಿನ ಎತ್ತರದ ಮೇಲೆ. ಮೇಲಿನ ಮಣ್ಣು ತೆಳುವು, ನೀರು ಬೇಗ ಬಸಿದು ಹೋಗುತ್ತದೆ, ಕಲ್ಲಿನ ಸಂದು ಗೊಂದುಗಳು ಎಲ್ಲೆಲ್ಲೂ. ಇಂಥ ಕಡೆ ಬೇಸಾಯ ಮಾಡಲಾಗದೆ ಬಿಟ್ಟ ಹುಲ್ಲುಗಾವಲು, ಕುರುಚಲು ಜಾಸ್ತಿ. ಕೃಷ್ಣಮೃಗ ಓಡಾಡುವ ಬಯಲುಗಳು ಇದೇ. ಆಂಥಿಯಾದಂಥ ಹಾರದ, ಬಹಳ ದಿನ ಬದುಕುವ ದೊಡ್ಡ ದುಂಬಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಯಲು ಬಿಸಿಲು, ಗಟ್ಟಿ ನೆಲ, ಅಡಗಲು ಕಲ್ಲು. ನಿಮ್ಮ ಎರೆಯಲ್ಲಿ ಮಳೆಗಾಲಕ್ಕೆ ಮಣ್ಣು ಉಬ್ಬಿ ಅಂಟುತ್ತದೆ, ಸಂದುಗಳು ಮುಚ್ಚಿಹೋಗುತ್ತವೆ, ನೀರು ನಿಲ್ಲುತ್ತದೆ. ಅಂಥ ನೆಲಕ್ಕೆ ಹೊಂದುವವು ಬೇರೆ. ಸ್ಕಾರೈಟಿಸ್ ಅಂತ ಇದೆ, ಕಪ್ಪಗೆ ಹೊಳೆಯುತ್ತದೆ, ನಡು ಸಣ್ಣ, ಮುಂಗಾಲು ಸಲಿಕೆಯ ಹಾಗೆ ಅಗಲ. ಅದು ತಾನೇ ಬಿಲ ತೋಡಿಕೊಂಡು ಒಳಗಿರುತ್ತದೆ. ಹಾಗಾಗಿ ದೂರ ಎಷ್ಟು ಎನ್ನುವುದಕ್ಕಿಂತ ಕಾಲಡಿಯ ಮಣ್ಣು ಯಾವುದು, ಅದರಲ್ಲಿ ತೇವ ಎಷ್ಟು ದಿನ ನಿಲ್ಲುತ್ತದೆ, ಅಡಗಲು ಏನಿದೆ ಎನ್ನುವುದೇ ಈ ಹುಳಗಳ ಲೆಕ್ಕ. ಬೆಳೆ ಯಾವುದು ಎನ್ನುವುದು ಅವಕ್ಕೆ ಆಮೇಲಿನ ಮಾತು.

ನಮ್ಮ ಮಕ್ಕಳಿಗೆ ಪುಸ್ತಕದಲ್ಲಿ, ಇಂಟರ್‌ನೆಟ್‌ನಲ್ಲಿ ಸಿಗುವುದು ಯುರೋಪಿನ ಕ್ಯಾರಬಸ್ ಚಿತ್ರ, ನೇರಳೆ ಅಂಚು, ಹಸಿರು ಮಿಂಚು. ಆ ಗುಂಪು ಉತ್ತರದ ತಂಪು ನಾಡುಗಳದು, ಭಾರತದಲ್ಲಿ ಹಿಮಾಲಯದ ಕಡೆ ಬಿಟ್ಟರೆ ಇಲ್ಲ. ಚಿಂಚೋಳಿ ಕಾಡಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ನಮ್ಮವನ್ನು ನಮ್ಮ ನೆಲದಲ್ಲೇ ನೋಡಿ ಕಲಿಯಬೇಕು.

ಕಲ್ಲಿನಡಿ ಸಿಗುವ ಕರಿ ದುಂಬಿಯೆಲ್ಲ ನೆಲದುಂಬಿ ಅಲ್ಲ ಅನ್ನುವುದನ್ನೂ ಹೇಳಬೇಕು. ಮಣ್ಣು ಮೆತ್ತಿಕೊಂಡಂತೆ ಮಂಕಾಗಿ, ನಿಧಾನವಾಗಿ ನಡೆಯುವ ಗೊನೊಸೆಫಾಲಮ್ ಬೇರೆ ಕುಟುಂಬ. ಅದು ಕೊಳೆತ ಕಸ ತಿನ್ನುತ್ತದೆ, ಕೆಲವೊಮ್ಮೆ ಎಳೆ ಸಸಿಯ ಬುಡವನ್ನೂ ಕಡಿಯುತ್ತದೆ. ಒಂದು ಭೂತಗನ್ನಡಿ ಇದ್ದರೆ ಹಿಂಗಾಲಿನ ಪಾದದ ಗೆಣ್ಣು ಎಣಿಸಿ. ನೆಲದುಂಬಿಗೆ ಎಲ್ಲ ಕಾಲಿನಲ್ಲೂ ಐದೈದು. ಗೊನೊಸೆಫಾಲಮ್ ಬಳಗಕ್ಕೆ ಹಿಂಗಾಲಿನಲ್ಲಿ ನಾಲ್ಕೇ. ಮೀಸೆ ನೂಲಿನ ಹಾಗೆ ಸಪೂರ, ಮುಂಗಾಲಿನ ಒಳಬದಿಯಲ್ಲಿ ಆ ಮೀಸೆ ಬಾಚಿಕೊಳ್ಳಲು ಒಂದು ಸಣ್ಣ ಕಚ್ಚು. ಅದು ಕಂಡರೆ ಹೆಚ್ಚುಕಮ್ಮಿ ಖಾತ್ರಿ. ಜಾತಿಯ ಮಟ್ಟಕ್ಕೆ ಹೆಸರು ಹೇಳುವುದು ಮಾತ್ರ ತಜ್ಞರ ಕೆಲಸ, ಭಾರತದ ನೆಲದುಂಬಿಗಳ ಬಗ್ಗೆ ಹರ್ಬರ್ಟ್ ಆಂಡ್ರ್ಯೂಸ್ 1929ರಲ್ಲಿ, 1935ರಲ್ಲಿ ಬರೆದ ಸಂಪುಟಗಳನ್ನೇ ಈಗಲೂ ತಿರುವಿ ನೋಡಬೇಕಾಗುತ್ತದೆ.

ಕಲ್ಲು ಎತ್ತಿದ ಮೇಲೆ ಮೊದಲಿದ್ದ ಹಾಗೇ ಮಗುಚಿ ಇಡಿ. ಕೆಳಗಿನ ತೇವ ಅರ್ಧ ದಿನದ ಬಿಸಿಲಿಗೆ ಆರಿಹೋಗುತ್ತದೆ.

ಎರೆಹೊಲ_ಆಳಂದ:

ಅಕ್ಕೋರೆ, ಅಣ್ಣಾವ್ರೆ, ಇಬ್ಬರಿಗೂ ದೊಡ್ಡ ಉಪಕಾರ. ಚುಕ್ಕೆ ಆರೇ ಇವೆ, ಫೋಟೋ ದೊಡ್ಡದು ಮಾಡಿ ನೋಡಿದೆ.

ಒಂದು ಅನುಮಾನ ಮಾತ್ರ ಉಳಿದಿದೆ. ಅಣ್ಣನ ಮಗ ಮೊಬೈಲಿನಲ್ಲಿ ನೋಡಿ ಪ್ಲಾಸ್ಟಿಕ್ ಲೋಟಗಳನ್ನು ನೆಲದಲ್ಲಿ ಹೂತಿಟ್ಟ, ಕೆಲವು ಬದುವಿನ ಹುಲ್ಲಲ್ಲಿ, ಕೆಲವು ತೊಗರಿ ಸಾಲಿನ ನಡುವೆ. ಬೆಳಿಗ್ಗೆ ನೋಡಿದರೆ ಹೊಲದ ನಡುವಿನ ಲೋಟಗಳಲ್ಲೇ ದುಂಬಿ ಜಾಸ್ತಿ ಬಿದ್ದಿದ್ದವು, ಬದುವಿನಲ್ಲಿ ಕಮ್ಮಿ. ಹಾಗಾದರೆ ಬದುವೇ ಮನೆ ಅನ್ನುವ ಮಾತು ಹೇಗೆ? ಕಾಕಾ ಇದನ್ನೇ ಹಿಡಿದುಕೊಂಡು ಬದು ಸುಟ್ಟರೆ ಏನೂ ಆಗುವುದಿಲ್ಲ ಎನ್ನುತ್ತಿದ್ದಾರೆ. ಇನ್ನೊಂದು, ಬೇಸಿಗೆಯಲ್ಲಿ ಇವೆಲ್ಲ ಎಲ್ಲಿ ಹೋಗುತ್ತವೆ? ಏಪ್ರಿಲ್ ಮೇ ತಿಂಗಳಲ್ಲಿ ಹೊಲದಲ್ಲಿ ಒಂದೂ ಕಾಣುವುದಿಲ್ಲ.

ಕೀಟದ_ಬೆನ್ನುಹತ್ತಿ:

ಹುಡುಗ ಒಳ್ಳೆಯ ಕೆಲಸ ಮಾಡಿದ್ದಾನೆ, ನಿಲ್ಲಿಸಬೇಡಿ ಅಂತ ಹೇಳಿ. ಈ ಪ್ರಶ್ನೆ ನೆಲದುಂಬಿ ಓದುವವರೆಲ್ಲರಿಗೂ ಎದುರಾಗುತ್ತದೆ.

ಹೂತ ಲೋಟ ಎಷ್ಟು ದುಂಬಿ ಇವೆ ಎಂದು ಹೇಳುವುದಿಲ್ಲ, ಎಷ್ಟು ದುಂಬಿ ಆ ದಾರಿಯಲ್ಲಿ ನಡೆದವು ಎಂದು ಹೇಳುತ್ತದೆ. ಎರಡೂ ಬೇರೆ. ಹರಗಿದ ಹೊಲದಲ್ಲಿ ನೆಲ ಬಯಲು, ಅಡ್ಡಿ ಇಲ್ಲ, ಊಟ ಹುಡುಕುತ್ತಾ ದುಂಬಿ ರಾತ್ರಿಯೆಲ್ಲ ಓಡುತ್ತದೆ, ಲೋಟಕ್ಕೆ ಬೀಳುತ್ತದೆ. ದಟ್ಟ ಹುಲ್ಲಿನ ಬುಡದಲ್ಲಿ ಪ್ರತಿ ಹೆಜ್ಜೆಗೂ ಅಡ್ಡಿ, ಊಟ ಹತ್ತಿರದಲ್ಲೇ, ಹೊಟ್ಟೆ ತುಂಬಿದ ದುಂಬಿ ಹೆಚ್ಚು ನಡೆಯುವುದೂ ಇಲ್ಲ. ಹಾಗಾಗಿ ಬದುವಿನಲ್ಲಿ ಹೆಚ್ಚು ಇದ್ದರೂ ಲೋಟಕ್ಕೆ ಕಮ್ಮಿ ಬೀಳುತ್ತವೆ. ನಿಜ ತಿಳಿಯಬೇಕಾದರೆ ಬದುವಿನಲ್ಲಿ ಒಂದು ಚದರ ಅಡಿ ಹುಲ್ಲನ್ನು ಮಣ್ಣು ಸಮೇತ ತೆಗೆದು ಬಿಳಿ ಬಟ್ಟೆಯ ಮೇಲೆ ಬಿಡಿಸಿ ಎಣಿಸಿ, ಹೊಲದ ಅಷ್ಟೇ ಮಣ್ಣನ್ನೂ ಎಣಿಸಿ. ಹಗಲು ಹೊತ್ತಿನಲ್ಲಿ ಮಾಡಿ, ಆಗ ಅವು ಮನೆಯಲ್ಲಿ ಇರುತ್ತವೆ. ಮಾರ್ಚ್‌ನಲ್ಲಿ ಒಮ್ಮೆ, ಮಳೆ ಬಿದ್ದ ಮೇಲೆ ಒಮ್ಮೆ ಮಾಡಿದರೆ ಕಾಕಾ ಅವರಿಗೆ ಕಣ್ಣಾರೆ ತೋರಿಸಬಹುದು.

ಲೋಟ ಇಡುವಾಗ ಎರೆ ಮಣ್ಣಿನದೇ ಒಂದು ಕಾಟ ಇದೆ. ಮಣ್ಣು ಆರುತ್ತಾ ಹೋದಂತೆ ಕುಗ್ಗಿ ಲೋಟದ ಸುತ್ತ ಸಂದು ಬಿಡುತ್ತದೆ, ದುಂಬಿ ಲೋಟಕ್ಕೆ ಬೀಳದೆ ಆ ಸಂದಿಗೆ ಇಳಿದುಹೋಗುತ್ತದೆ. ಎರಡು ದಿನಕ್ಕೊಮ್ಮೆ ಸುತ್ತ ಹಸಿ ಮಣ್ಣು ಮೆತ್ತಿ ಅಂಚನ್ನು ನೆಲಕ್ಕೆ ಸಮ ಮಾಡಬೇಕು. ಮಳೆಗೆ ಮೂರು ಬೆಣಚು ಇಟ್ಟು ಮೇಲೆ ಒಂದು ತುಂಡು ಶಹಾಬಾದ್ ಪರಸಿ ಮುಚ್ಚಿ. ಬರಿ ಒಣ ಲೋಟ ಸಾಕು, ಮದ್ದು ಗಿದ್ದು ಬೇಡ. ಬೆಳಗಾಗುತ್ತಲೇ ನೋಡಿ ಎಣಿಸಿ ಬಿಟ್ಟುಬಿಡಿ, ತಡವಾದರೆ ದೊಡ್ಡವು ಚಿಕ್ಕವನ್ನು ತಿಂದಿರುತ್ತವೆ. ಕಪ್ಪೆ ಮರಿಗಳೂ ಬೀಳುತ್ತವೆ, ಅವನ್ನೂ ಎತ್ತಿ ಬಿಡಿ.

ಬದುವಿನ ಮಾತಿಗೆ ದೊಡ್ಡ ಸಾಕ್ಷಿ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ ಯಂತ್ರಕ್ಕೆ ಅನುಕೂಲ ಅಂತ ಹೊಲಗಳನ್ನು ಕೂಡಿಸಿ ಕೂಡಿಸಿ ಬದುಗಳೇ ಇಲ್ಲದ ಹಾಗೆ ಮಾಡಿದ್ದರು. 1980ರ ದಶಕದ ಕೊನೆಯಲ್ಲಿ ಸಂಶೋಧಕರು ದೊಡ್ಡ ಹೊಲದ ನಡುವೆ ಸುಮಾರು 40 ಸೆಂಟಿಮೀಟರ್ ಎತ್ತರದ ಮಣ್ಣಿನ ದಿಬ್ಬ ಹಾಕಿ, ಬುಡ ದಟ್ಟವಾಗಿ ಬೆಳೆಯುವ ಹುಲ್ಲು ಬಿತ್ತಿದರು. ಎರಡು ಮೂರು ವರ್ಷದಲ್ಲಿ ಚಳಿಗಾಲಕ್ಕೆ ಆ ದಿಬ್ಬಗಳಲ್ಲಿ ಚದರ ಮೀಟರಿಗೆ 1,000ಕ್ಕೂ ಹೆಚ್ಚು ಬೇಟೆ ಕೀಟಗಳು, ಜೇಡಗಳು ಸಿಕ್ಕವು. ವಸಂತ ಬಂದಾಗ ಅವು ಅಲ್ಲಿಂದ ಹೊಲಕ್ಕೆ ಇಳಿದು ಗೋಧಿಯ ಹೇನು ತಿನ್ನುತ್ತಿದ್ದವು. ಅಲ್ಲಿ ತಪ್ಪಿಸಿಕೊಳ್ಳಬೇಕಾದದ್ದು ಚಳಿಯಿಂದ, ಇಲ್ಲಿ 40 ಡಿಗ್ರಿ ದಾಟುವ ಬಿಸಿಲಿನಿಂದ. ಅವರು ದುಡ್ಡು ಕೊಟ್ಟು ಕಟ್ಟಿಸಿಕೊಂಡದ್ದು ನಮ್ಮ ಪ್ರತಿ ಹೊಲದ ಸುತ್ತ ಮೊದಲೇ ಇದೆ. ಅದಕ್ಕೆ ಬೆಂಕಿ ಹಚ್ಚುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಬೇಸಿಗೆಯ ಪ್ರಶ್ನೆಗೆ ಬಂದರೆ, ಎರೆ ಮಣ್ಣಿನ ಬಿರುಕು ನೋಡಿದ್ದೀರಲ್ಲ, ಕೈ ತೂರಿಸಿದರೆ ತಳ ಸಿಗುವುದಿಲ್ಲ. ಮೇಲೆ ಕಾದ ಹೆಂಚು, ಒಳಗೆ ತಂಪು. ಹುಲ್ಲಿನ ಬೇರಿನ ಬುಡ, ಬಿರುಕು, ಕಲ್ಲಿನಡಿ, ಗೆದ್ದಲು ಬಿಟ್ಟುಹೋದ ಬಿಲ, ಜಾಲಿ ಬೇವಿನ ತರಗೆಲೆ, ಅಲ್ಲೆಲ್ಲ ಸೇರಿಕೊಂಡು ದಿನ ದೂಡುತ್ತವೆ. ತಂಪು ದೇಶದ ನೆಲದುಂಬಿಗಳು ವಸಂತಕ್ಕೆ ಇಲ್ಲವೇ ಶರತ್ಕಾಲಕ್ಕೆ ಮರಿ ಮಾಡುತ್ತವೆ. ನಮ್ಮಂಥ ಒಣ ನಾಡಿನಲ್ಲಿ ಎಲ್ಲವೂ ಮಳೆಗೆ ಕಾಯುತ್ತದೆ. ಮೊದಲ ದೊಡ್ಡ ಮಳೆಗೆ ಹೊರಬಂದು, ಕೂಡಿ, ತೇವ ಇರುವ ಮಣ್ಣಿನಲ್ಲಿ ಮೊಟ್ಟೆ ಇಟ್ಟು, ಮಳೆ ಇರುವಾಗಲೇ ಮರಿ ಬೆಳೆಸಿಕೊಳ್ಳುವುದು. ಮಾರ್ಚ್‌ನಲ್ಲಿ ಸುಟ್ಟರೆ ಬೆಂಕಿ ಒಂದೇ ಅಲ್ಲ, ಮುಂದಿನ ಮೂರು ತಿಂಗಳು ನೆರಳೂ ಇರುವುದಿಲ್ಲ. ಹಾರುವವು ಬೇರೆಡೆಯಿಂದ ಬಂದು ತುಂಬಿಕೊಳ್ಳಬಹುದು, ಚುಕ್ಕೆ ದುಂಬಿಗೆ ಅದು ಆಗದು.

ಭೀಮೆಯ_ಮಳಲು:

ಯಾದಗಿರಿಯಿಂದ ಬರೆಯುತ್ತಿದ್ದೇನೆ. ಶಹಾಪುರದ ಗದ್ದೆಯ ಹುಳ ಯಾವುದು ಅಂತ ಯಾರೂ ಹೇಳಿಲ್ಲ, ಅದಕ್ಕೆ ನಾನು ಸೇರಿಕೊಂಡೆ.

ಅದು ಓಫಿಯೋನಿಯಾ. ಸಪೂರ ಮೈ, ಕೆಂಪು ಕಿತ್ತಳೆ ಬಣ್ಣದ ಮೇಲೆ ಕಪ್ಪು ನೀಲಿ ಪಟ್ಟೆ, ದೂರದಿಂದ ಇರುವೆ ಅಂತಲೇ ಅನಿಸುತ್ತದೆ. ಇದು ನೆಲದುಂಬಿ ಬಳಗದ್ದೇ ಆದರೂ ಭತ್ತದ ಗರಿ ಹತ್ತುತ್ತದೆ. ಎಲೆ ಸುರುಳಿ ಹುಳ ಗರಿ ಮಡಚಿಕೊಂಡು ಒಳಗೆ ಕೂತಿರುತ್ತದಲ್ಲ, ಆ ಸುರುಳಿಯೊಳಗೇ ನುಗ್ಗಿ ತಿನ್ನುತ್ತದೆ. ದಿನಕ್ಕೆ 3ರಿಂದ 5 ಮರಿ ತಿನ್ನುತ್ತದೆ ಎಂದು ಭತ್ತದ ಕೀಟ ಓದಿದವರ ಲೆಕ್ಕ. ಜಿಗಿ ಹುಳವನ್ನೂ ಬಿಡುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಬರುವ ಮೊದಲು ಶಹಾಪುರ ಸುರಪುರದ ಈ ನೆಲಗಳೂ ಜೋಳ, ಕಡಲೆ, ಶೇಂಗಾದ ಒಣ ಹೊಲಗಳೇ. ನೀರು ಬಂದು ಭತ್ತ ಬಂತು, ನೀರಿನ ಹುಳಗಳು ಬಂದವು, ಒಣ ನೆಲದವು ಗುಡ್ಡದ ಕಡೆ ಉಳಿದುಕೊಂಡವು. ಕಾಲುವೆಯ ಒಂದು ಪಕ್ಕ ಗದ್ದೆ, ಇನ್ನೊಂದು ಪಕ್ಕ ಬಂಡೆ ಗುಡ್ಡ ಇರುವ ಕಡೆ ನಿಂತು ನೋಡಿದರೆ ಎರಡು ದಂಡೆಯ ದುಂಬಿಗಳೂ ಬೇರೆ ಬೇರೆ ಇರುತ್ತವೆ. ಅದನ್ನು ನೋಡಿದಾಗಲೆಲ್ಲ ನನಗೆ ಬೆರಗು.

ನೀರಿನ ಅಂಚಿನಲ್ಲಿ ಇನ್ನೊಂದು ಬಳಗ ಇದೆ, ಕ್ಲೀನಿಯಸ್. ಹಸಿರು ತಾಮ್ರದ ಹೊಳಪು, ಮೈಮೇಲೆ ಸಣ್ಣ ಕೂದಲು, ಕೆಲವಕ್ಕೆ ಹಳದಿ ಅಂಚು, ಹಿಡಿದರೆ ಆಸ್ಪತ್ರೆಯ ಫಿನಾಯಿಲ್‌ನಂಥ ಘಾಟು ವಾಸನೆ. ಅದರ ಹತ್ತಿರದ ಸಂಬಂಧಿ ಎಪೋಮಿಸ್ ಬಗ್ಗೆ ಇಸ್ರೇಲಿನಲ್ಲಿ 2011ರಲ್ಲಿ ಒಂದು ಅಧ್ಯಯನ ಬಂತು. ಅದರ ಮರಿ ಮೀಸೆ, ದವಡೆ ಆಡಿಸುತ್ತಾ ಕಪ್ಪೆಯನ್ನು ಹತ್ತಿರ ಕರೆಯುತ್ತದೆ. ಕಪ್ಪೆ ತಿನ್ನಲು ಬಂದರೆ ತಾನೇ ಕಪ್ಪೆಗೆ ಕಚ್ಚಿಕೊಂಡು ಅದನ್ನೇ ತಿನ್ನುತ್ತದೆ. ಬೇಟೆಯಾಡಬೇಕಾದವನೇ ಬೇಟೆಯಾಗುವುದು ಇಡೀ ಜೀವಲೋಕದಲ್ಲೇ ಅಪರೂಪ.

ಭೀಮೆಯ ಮಳಲಿಗೆ ಹಗಲಲ್ಲಿ ಹೋದರೆ ಹುಲಿ ದುಂಬಿ ಸಿಗುತ್ತದೆ. ಇದನ್ನು ಕೆಲವರು ನೆಲದುಂಬಿಯ ಒಳಗೇ ಸೇರಿಸುತ್ತಾರೆ, ಕೆಲವರು ಬೇರೆ ಕುಟುಂಬ ಮಾಡುತ್ತಾರೆ. ಭಾರತದಲ್ಲಿ 200ಕ್ಕೂ ಹೆಚ್ಚು ಜಾತಿ ಇವೆ. ಓಡುವ ಭರಕ್ಕೆ ಕಣ್ಣಿಗೆ ಬೇಟೆ ಸರಿಯಾಗಿ ಕಾಣದೆ ನಡು ನಡುವೆ ನಿಂತು ನೋಡಿ ಮತ್ತೆ ಓಡುತ್ತದೆ. ಮರಿ ಮಾತ್ರ ಎಲ್ಲೂ ಹೋಗುವುದಿಲ್ಲ, ನೇರ ಬಿಲ ತೋಡಿ ಬಾಯಿಗೆ ತಲೆ ಮುಚ್ಚಳ ಮಾಡಿಕೊಂಡು ಕೂತಿರುತ್ತದೆ, ಇರುವೆ ಹತ್ತಿರ ಬಂದರೆ ಎಳೆದುಕೊಳ್ಳುತ್ತದೆ. ಇಂಥ ಮರಿಗೆ ಮಳಲು ಒಂದೇ ಕಡೆ ತಿಂಗಳುಗಟ್ಟಲೆ ಕದಲದೆ ಇರಬೇಕು. ಮಳಲು ತೆಗೆದು ಲಾರಿಗೆ ತುಂಬಿದ ಕಡೆ ಆ ಬಿಲಗಳು ಎಲ್ಲಿ ಉಳಿಯುತ್ತವೆ ಹೇಳಿ? ಹೊಳೆಯಲ್ಲಿ ನೀರು ಏರಿ ಇಳಿಯುವುದಕ್ಕೆ ದಂಡೆಯ ಹುಳಗಳು ಒಗ್ಗಿಕೊಂಡಿವೆ, ಹೆಚ್ಚಿನವಕ್ಕೆ ಒಳ್ಳೆಯ ರೆಕ್ಕೆ ಇದೆ, ಎದ್ದು ಹೋಗಿ ಮತ್ತೆ ಬರುತ್ತವೆ. ದಂಡೆಯೇ ಇಲ್ಲವಾದರೆ ಬರುವುದೆಲ್ಲಿಗೆ.

ಮೊದಲ ಮಳೆಯ ರಾತ್ರಿ ಮನೆಯ ಟ್ಯೂಬ್‌ಲೈಟಿಗೆ ಬರುವ ದುಂಬಿಗಳನ್ನೂ ಗಮನಿಸಿ. ಹಾಗೆ ದೀಪಕ್ಕೆ ಬರುವ ನೆಲದುಂಬಿಗಳೆಲ್ಲ ರೆಕ್ಕೆ ಇರುವವು, ಹೊಸ ಜಾಗ ಹುಡುಕಿ ಹೊರಟವು. ಒಳ್ಳೆಯ ಹೊಳಪಿನವು ಅಲ್ಲಿಯೇ ನೋಡಲು ಸಿಗುತ್ತವೆ.

ಒಕ್ಕಲುತನ_ಹಳೆಯದು:

ತಮ್ಮಂದಿರೇ, ನೀವು ಹೇಳುವುದು ಚೆನ್ನಾಗಿದೆ. ಆದರೆ ಬದುವಿನ ಹುಲ್ಲು ಹಾಗೇ ಬಿಟ್ಟರೆ ಇಲಿ ಬಿಲ ಮಾಡುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಕಳೆ ಬೀಜ ಹೊಲಕ್ಕೆ ಬೀಳುತ್ತದೆ. ಪಾರ್ಥೇನಿಯಂ ಒಂದು ಸಲ ಬದು ಹಿಡಿದರೆ ಬಿಡುವುದಿಲ್ಲ. ನಾವು ಸುಡುವುದು ಸುಮ್ನೆ ಅಲ್ಲ. ಇನ್ನೊಂದು ಮಾತು, ಈ ದುಂಬಿ ಇದ್ದರೆ ಕಾಯಿಕೊರಕಕ್ಕೆ ಔಷಧ ಹೊಡೆಯುವುದು ಬೇಡವಾ? ಹಾಗೆ ಯಾರಾದರೂ ನಂಬಿ ಕೂತರೆ ಬೆಳೆ ಕೈ ಬಿಟ್ಟುಹೋಗುತ್ತದೆ.

ಮಾಂಜ್ರಾ_ದಂಡೆ:

ಕಾಕಾ, ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ದುಂಬಿ ಇದೆ ಅಂತ ಕಾಯಿಕೊರಕದ ಮೇಲಿನ ಕಣ್ಣು ತೆಗೆಯಬಾರದು. ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಹಾಕುವುದು, ಹೂ ಬರುವಾಗ ಮೊಟ್ಟೆ ಮರಿ ಎಣಿಸುವುದು, ಅಗತ್ಯ ಬಿದ್ದರೆ ಗಿಡಕ್ಕೆ ಔಷಧ ಹೊಡೆಯುವುದು ಇರಲಿ. ನೆಲದುಂಬಿ ಒಂದು ಕೈ ಹೆಚ್ಚಿನ ಸಹಾಯ ಅಷ್ಟೇ. ಆ ಸಹಾಯ ಉಳಿಯಬೇಕಾದರೆ ನೆಲಕ್ಕೆ ಕಾಳಿನಂಥ ಹರಳು ಕೀಟನಾಶಕ ಚೆಲ್ಲುವುದನ್ನು, ಬದುವಿಗೆ ಎಣ್ಣೆ ಹೊಡೆಯುವುದನ್ನು ಬಿಡಬೇಕು. ಗಿಡಕ್ಕೆ ಹೊಡೆದದ್ದು ಸ್ವಲ್ಪ ಕೆಳಗೆ ಬೀಳುತ್ತದೆ. ಮಣ್ಣಿಗೇ ಹಾಕಿದ್ದು ಇವುಗಳ ಮರಿಯ ಮೇಲೆ ನೇರ ಬೀಳುತ್ತದೆ.

ಹುಲ್ಲಿಗೆ ಸುಡುವುದೊಂದೇ ದಾರಿ ಅಲ್ಲ. ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲು ಬೇರು ಸಮೇತ ಕಿತ್ತುಬಿಡಿ, ಅದರಡಿ ನೆರಳಿದ್ದರೂ ನಮಗೆ ಬೇಡ. ಗರಿಕೆಯಂಥ ಬುಡ ಹಿಡಿಯುವ ಹುಲ್ಲನ್ನು ಬಿಡಿ. ಎತ್ತರ ಬೆಳೆದರೆ ಕುಡುಗೋಲಿನಿಂದ ಒಂದು ಗೇಣು ಉಳಿಸಿ ಕೊಯ್ದು ದನಕ್ಕೆ ಹಾಕಿ. ಹುಲ್ಲು ಗಿಡ್ಡ ಇದ್ದರೆ ಇಲಿಗೆ ಮರೆ ಕಮ್ಮಿ, ಹಾವು ಇದ್ದರೂ ಕಾಣುತ್ತದೆ, ದುಂಬಿಗೆ ಮಾತ್ರ ಗೇಣುದ್ದ ಹುಲ್ಲು ಸಾಕು. ಸುಡಲೇಬೇಕು ಅಂತ ಮನೆಯಲ್ಲಿ ಹಟ ಹಿಡಿದರೆ ಒಂದು ವರ್ಷ ಒಂದು ಬದಿ ಮಾತ್ರ, ಉಳಿದ ಬದಿಗಳು ಹಾಗೇ ಇರಲಿ. ಹಾರಲಾಗದ ದುಂಬಿಗೆ ಪಕ್ಕದ ಬದುವಿನಿಂದ ನಡೆದು ಬರಲು ದಾರಿ ಇರುತ್ತದೆ. ಹೊಲದಿಂದ ಹೆಕ್ಕಿದ ಕಲ್ಲುಗಳನ್ನು ಬದುವಿನ ಮೂಲೆಯಲ್ಲಿ ಗುಡ್ಡೆ ಹಾಕಿ, ದೂರ ಒಯ್ದು ಚೆಲ್ಲಬೇಡಿ.

ಅಗೆಯುವಾಗ ಸಿಗುವ ಮರಿಗಳ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಮಣ್ಣಿನಲ್ಲಿ ಸಿಕ್ಕಿದ ಮರಿಯನ್ನೆಲ್ಲ ಗೊಣ್ಣೆಹುಳ ಅಂತ ಕುಟ್ಟಿ ಹಾಕುವುದನ್ನು ನೋಡಿದ್ದೇನೆ. ಗೊಣ್ಣೆಹುಳ ಬೆಳ್ಳಗೆ, ದಪ್ಪಗೆ, ಸುರುಳಿ ಸುತ್ತಿ ಬಿದ್ದಿರುತ್ತದೆ, ಬೇರು ತಿನ್ನುತ್ತದೆ. ನೆಲದುಂಬಿಯ ಮರಿ ಉದ್ದ, ಚಪ್ಪಟೆ, ಬೆನ್ನಿನ ಮೇಲೆ ಕಪ್ಪು ಕಂದು ಫಲಕ, ತಲೆ ಮುಂದಕ್ಕೆ ಚಾಚಿದ ದವಡೆ, ಬಾಲದ ತುದಿಯಲ್ಲಿ ಎರಡು ಕಡ್ಡಿಯಂಥ ಮೊನೆ. ಮುಖ್ಯವಾಗಿ ಅದು ಸುರುಳಿ ಸುತ್ತುವುದಿಲ್ಲ, ಬೆಳಕಿಗೆ ಬಂದ ಕೂಡಲೇ ಆರು ಕಾಲಿನಲ್ಲಿ ಓಡಿ ಮಣ್ಣಿನೊಳಗೆ ಸೇರುತ್ತದೆ. ಸುರುಳಿ ಸುತ್ತಿದರೆ ತೆಗೆಯಿರಿ, ಓಡಿದರೆ ಬಿಡಿ. ನಮ್ಮ ಶಾಲೆಯ ಮಕ್ಕಳು ಇಷ್ಟನ್ನು ಒಂದೇ ದಿನದಲ್ಲಿ ಕಲಿತಿದ್ದಾರೆ.

ಆಳಂದದ ತಮ್ಮಾ, ಅಣ್ಣನ ಮಗ ಫೋಟೋ ಹಾಕುವಾಗ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಗಾಜಿನ ಲೋಟದಲ್ಲಿ ಇಟ್ಟು ಕೆಳಗಿನಿಂದ ಒಂದು ತೆಗೆಯಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇರಲಿ. ಯಾವ ಮಣ್ಣು, ಬದುವಾ ಹೊಲವಾ, ಯಾವ ಮಳೆ ಬಿದ್ದ ಮೇಲೆ ಅನ್ನುವುದನ್ನೂ ಬರೆದರೆ ಹೆಸರು ಹಿಡಿಯುವುದು ಸುಲಭ. ಗಟ್ಟಿ ಗುರುತು ಬೇಕಾದರೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಕೇಳಿ.